ಜೀಪಿನಲ್ಲಿ ಕೂತವರಿಗೆ ಕಾಣುವ ಆನೆ

ಕಬಿನಿ ಕಡೆ ಸಫಾರಿಗೆ ಹೋದರೆ ಜೀಪ್ ಹೊರಡುವ ಮೊದಲೇ ಡ್ರೈವರ್ ಒಂದು ಮಾತು ಹೇಳುತ್ತಾರೆ. ಯಾರೂ ಎದ್ದು ನಿಲ್ಲಬೇಡಿ, ಕೈ ಹೊರಗೆ ಹಾಕಬೇಡಿ. ಬಸ್ಸಿನ ಕಿಟಕಿ ಪಕ್ಕ ಬರೆದಿರುತ್ತಾರಲ್ಲ, ಆ ಥರದ ಮಾತು ಅಂತ ಎಲ್ಲರೂ ತಲೆಯಾಡಿಸಿ ಕ್ಯಾಮೆರಾ ಸರಿ ಮಾಡಿಕೊಳ್ಳುತ್ತಾರೆ. ಅದು ಅಷ್ಟಕ್ಕೇ ಮುಗಿಯುವ ಮಾತಲ್ಲ ಅಂತ ಗೊತ್ತಾಗುವುದು ಆನೆ ಎದುರಿಗಿದ್ದಾಗ. ನಮ್ಮ ಜೀಪಿನಲ್ಲಿ ಬೆಂಗಳೂರಿನ ಒಬ್ಬರಿದ್ದರು. ಒಳ್ಳೆಯವರೇ, ಗೇಟಿನ ಹತ್ತಿರ ಕಾಯುವಾಗ ಎಲ್ಲರಿಗೂ ಚಕ್ಕುಲಿ ಹಂಚಿದವರು. ದಾರಿ ಪಕ್ಕದಲ್ಲೇ ಹಿಂಡು ಮೇಯುತ್ತಿತ್ತು, ಇವರು ಇನ್ನೊಂಚೂರು ಚೆನ್ನಾಗಿ ಕಾಣಲಿ ಅಂತ ಕಂಬಿ ಹಿಡಿದು ಎದ್ದರು. ಅಷ್ಟು ಹೊತ್ತು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಂಡಿರದ ದೊಡ್ಡ ಹೆಣ್ಣಾನೆ ಮೇಯುವುದು ನಿಲ್ಲಿಸಿ, ಎರಡೂ ಕಿವಿ ಅಗಲಿಸಿ, ನೇರ ನಮ್ಮ ಕಡೆ ತಿರುಗಿತು. ಡ್ರೈವರ್ ಹಿಂದೆ ತಿರುಗಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಸಾರ್, ಕೂತ್ಕೊಳಿ" ಅಂದರು. ಅವರು ಕೂತರು. ಆನೆ ಇನ್ನೂ ಸ್ವಲ್ಪ ಹೊತ್ತು ನೋಡಿ, ಕಿವಿ ಬೀಸಿಕೊಂಡು, ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಆಮೇಲೆ ಡ್ರೈವರ್ ಹೇಳಿದ್ದು ಇಷ್ಟು: "ಕೂತಿದ್ರೆ ನಾವೆಲ್ಲ ಸೇರಿ ಒಂದು ಜೀಪು ಮೇಡಂ. ಎದ್ರೆ ಮನುಷ್ಯ. ಜೀಪು ಅದಕ್ಕೆ ಅಭ್ಯಾಸ ಆಗೋಗಿದೆ. ಮನುಷ್ಯ ಅಭ್ಯಾಸ ಆಗಿಲ್ಲ."

ಸಫಾರಿ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ತಲೆಯಲ್ಲಿ ಉಳಿದದ್ದು ಇದೊಂದೇ. ನಾವು ಮನೆಗೆ ಬಂದು ಕಾಡಾನೆ ನೋಡಿಕೊಂಡು ಬಂದ್ವಿ ಅನ್ನುತ್ತೇವೆ. ನೋಡಿದ್ದು ಕಾಡಾನೆಯೇ, ಸುಳ್ಳಲ್ಲ. ಆದರೆ ಜೀಪನ್ನು ಸಹಿಸಿಕೊಂಡರೆ ನಷ್ಟವೇನಿಲ್ಲ ಅಂತ ಕಲಿತುಕೊಂಡಿರುವ ಕಾಡಾನೆ. ಅದೇ ಆನೆ ಕಾಡಂಚಿನ ಹಳ್ಳಿಯವರ ಎದುರು ಬಂದಾಗ ಬೇರೆಯೇ ಪ್ರಾಣಿ. ಈ ಎರಡರ ನಡುವಿನ ದೂರ ನನಗೆ ಮನೆಯಲ್ಲೇ ಗೊತ್ತು, ಯಾಕಂದರೆ ನಮ್ಮ ಚಿಕ್ಕಪ್ಪನ ಹೊಲ ಇರುವುದು ಎಚ್.ಡಿ. ಕೋಟೆ ಕಡೆ, ಕಾಡಿಗೆ ಅಂಟಿಕೊಂಡ ಹಾಗೆ. ಸಫಾರಿಗೆ ಹೊರಟಿದ್ದೇನೆ ಅಂದಾಗ ಅವರು ಅಂದದ್ದು: "ಕಾಸ್ ಕೊಟ್ಟು ಆನೆ ನೋಡಕ್ಕೋಯ್ತೀಯಾ? ನಮ್ ಹೊಲದ ತಕ್ಕೆ ಬಾ ಕಣವ್ವ, ಪುಕ್ಸಟ್ಟೆ ತೋರಿಸ್ತೀನಿ." ಅವರ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಜಾಗ. ಕೇರಳದ ವಯನಾಡಿನ ಕಡೆಯಿಂದ ಬರುವ ಕಬಿನಿಗೆ ನಮ್ಮ ಕಡೆಯವರು ಕಪಿಲೆ ಅಂತಾರೆ. 1974ರಲ್ಲಿ ಬೀಚನಹಳ್ಳಿ ಹತ್ತಿರ ಅದಕ್ಕೆ ಅಣೆಕಟ್ಟು ಬಂತು. ಹಿನ್ನೀರು ಕಾಡಿನೊಳಕ್ಕೆ ಹರಡಿಕೊಂಡಿತು. ಒಂದು ದಡದಲ್ಲಿ ನಾಗರಹೊಳೆ, ಇನ್ನೊಂದು ದಡದಲ್ಲಿ ಬಂಡೀಪುರ. ಮಳೆಗಾಲ ಮುಗಿದು ಚಳಿಗಾಲ ಕಳೆಯುವ ತನಕ ಇದು ದೊಡ್ಡ ಕೆರೆಯ ಹಾಗೆ ತುಂಬಿ ನಿಂತಿರುತ್ತದೆ. ಫೆಬ್ರವರಿ ದಾಟಿದ ಮೇಲೆ ನೀರು ಇಳಿಯುತ್ತಾ ಹೋಗುತ್ತದೆ, ಇಳಿದ ಜಾಗದಲ್ಲೆಲ್ಲ ಎಳೇ ಹುಲ್ಲು ಚಿಗುರುತ್ತದೆ. ಅದೇ ಹೊತ್ತಿಗೆ ಒಳಗಿನ ಕಾಡು ಒಣಗಿ ಕಡ್ಡಿಯಾಗಿರುತ್ತದೆ. ತೇಗ ಎಲೆ ಉದುರಿಸಿರುತ್ತದೆ, ಹಳ್ಳ ಬತ್ತಿರುತ್ತವೆ, ಅರಣ್ಯ ಇಲಾಖೆಯವರು ಕಾಡ್ಗಿಚ್ಚಿನ ಭಯದಲ್ಲಿ ನಿದ್ದೆಗೆಟ್ಟಿರುತ್ತಾರೆ. ಆಗ ಆನೆಗಳು ಬರುತ್ತವೆ. ನಾಗರಹೊಳೆಯವು, ಬಂಡೀಪುರದವು, ವಯನಾಡಿನ ಕಡೆಯವು, ಯಾವ ರಾಜ್ಯದ ಗಡಿ ಅಂತ ಅವಕ್ಕೇನು ಗೊತ್ತು, ಎಲ್ಲ ಇದೇ ದಡಕ್ಕೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೇ ಕಡೆ ಸೇರುವ ಜಾಗಗಳು ಲೋಕದಲ್ಲೇ ಕಡಿಮೆ. ನಮ್ಮಲ್ಲಿ ಎಷ್ಟೋ ಜನ ಕೀನ್ಯಾಗೆ ಹೋಗುವ ಕನಸು ಕಾಣ್ತಾ ಇರ್ತಾರೆ, ಮೈಸೂರಿನಿಂದ ಎರಡು ಗಂಟೆಯ ದಾರಿಯಲ್ಲಿ ಇದು ಇದೆ.

ಲೆಕ್ಕದ ಮಾತು ಬಂತು ಅಂತ ಹೇಳುತ್ತೇನೆ. 2023ರ ಗಣತಿಯಲ್ಲಿ ಬಂಡೀಪುರಕ್ಕೆ 1,116 ಆನೆ, ನಾಗರಹೊಳೆಗೆ 831, ಇಡೀ ಕರ್ನಾಟಕಕ್ಕೆ 6,395 ಅಂತ ಅಂದಾಜು ಬಂತು. ಆಮೇಲೆ ಲದ್ದಿಯಿಂದ ಡಿಎನ್‌ಎ ತೆಗೆದು ದೇಶದಾದ್ಯಂತ ಎಣಿಸಿದ ವರದಿ 2025ರಲ್ಲಿ ಹೊರಬಂತು, ಅದರಲ್ಲಿ ರಾಜ್ಯಕ್ಕೆ 6,013. ಒಂದರಲ್ಲಿ ಇನ್ನೊಂದನ್ನು ಕಳೆದು ಆನೆ ಕಮ್ಮಿಯಾಯ್ತು ಅಂತ ವಾಟ್ಸಾಪಿನಲ್ಲಿ ಬರೆದವರನ್ನು ನೋಡಿದೆ. ಎಣಿಸುವ ಕ್ರಮವೇ ಬೇರೆ ಆದಾಗ ಹಾಗೆ ಕಳೆಯುವುದಕ್ಕೆ ಆಗಲ್ಲ. ಎರಡರಲ್ಲೂ ಒಂದು ಸಂಗತಿ ಬದಲಾಗಿಲ್ಲ, ದೇಶದಲ್ಲಿ ಅತಿ ಹೆಚ್ಚು ಆನೆ ಇರುವುದು ನಮ್ಮಲ್ಲೇ.

ಸಫಾರಿಯವರು ಬೆಳಗ್ಗೆ ಒಂದು ಸಲ, ಮಧ್ಯಾಹ್ನದ ಮೇಲೆ ಒಂದು ಸಲ ಕರೆದುಕೊಂಡು ಹೋಗುತ್ತಾರೆ. ಕಬಿನಿ ಕಡೆಗೆ ಗೇಟು ಇರುವುದು ದಮ್ಮನಕಟ್ಟೆಯಲ್ಲಿ. ನಾಗರಹೊಳೆಗೆ ವೀರನಹೊಸಹಳ್ಳಿ ಕಡೆಯಿಂದಲೂ, ಕುಟ್ಟದ ಪಕ್ಕದ ನಾಣಚ್ಚಿಯಿಂದಲೂ ಹೋಗಬಹುದು, ಆದರೆ ಹಿನ್ನೀರಿನ ಹಿಂಡುಗಳು ಬೇಕು ಅಂದರೆ ದಮ್ಮನಕಟ್ಟೆಯೇ. ಜೀಪಿನಲ್ಲಿ ಜನ ಕಮ್ಮಿ, ಗಲಾಟೆ ಕಮ್ಮಿ, ಖರ್ಚು ಜಾಸ್ತಿ. ಇಪ್ಪತ್ತು ಜನ ಕೂರುವ ಕ್ಯಾಂಟರ್‌ನಲ್ಲಿ ಒಂದು ಮಗು ಅಳುವುದಕ್ಕೆ ಶುರು ಮಾಡಿದರೆ ಮುಗೀತು.

ಒಳಗೆ ಹೋದ ಕೂಡಲೇ ಗೊತ್ತಾಗುವುದು, ಜೀಪಿನಲ್ಲಿರುವ ಯಾರಿಗೂ ಆನೆ ಬೇಕಿಲ್ಲ ಅನ್ನುವುದು. ಎಲ್ಲರಿಗೂ ಹುಲಿ ಬೇಕು, ಅದು ಸಿಗದಿದ್ದರೆ ಚಿರತೆ, ಕರಿ ಚಿರತೆ ಆದರಂತೂ ಜನ್ಮ ಸಾರ್ಥಕ. ಎಲ್ಲೋ ಜಿಂಕೆ ಕೂಗಿತು, ಮುಸುವ ಕೂಗಿತು ಅಂದರೆ ಹತ್ತಿರದಲ್ಲಿ ಹುಲಿಯೋ ಚಿರತೆಯೋ ಇದೆ ಅಂತ ಲೆಕ್ಕ, 'ಕಾಲ್ ಬಂತು' ಅಂತ ಡ್ರೈವರ್‌ಗಳು ಒಬ್ಬರಿಗೊಬ್ಬರು ಸನ್ನೆ ಮಾಡಿಕೊಂಡು ಹೊರಡುತ್ತಾರೆ. ಆ ಓಟದಲ್ಲಿ ದಾರಿ ಪಕ್ಕದ ಆನೆ ದೀಪದ ಕಂಬದ ಹಾಗೆ ಹಿಂದೆ ಸರಿದು ಹೋಗುತ್ತದೆ. ಡ್ರೈವರ್‌ಗಳನ್ನು ದೂರಿ ಪ್ರಯೋಜನವಿಲ್ಲ. ಹುಲಿ ತೋರಿಸಿದ ದಿನ ಕೈಗೆ ಬರುವ ಟಿಪ್ಸೇ ಬೇರೆ, ತೋರಿಸದ ದಿನ ಕೇಳಬೇಕಾದ ಗೊಣಗಾಟವೇ ಬೇರೆ. ನಾವು ಹೋದ ಸಂಜೆ ಹುಲಿ ಎಲ್ಲೂ ಇರಲಿಲ್ಲ, ಅದರ ಪುಣ್ಯದಿಂದಲೇ ನಮಗೆ ಆನೆಗಳ ಹತ್ತಿರ ನಿಲ್ಲುವುದಕ್ಕೆ ಸಮಯ ಸಿಕ್ಕಿತು.

ನಿಂತರೆ ಏನು ಕಾಣುತ್ತದೆ ಅಂತ ಹೇಳಬೇಕು, ಯಾಕಂದರೆ ಮೊದಲ ಐದು ನಿಮಿಷ ಏನೂ ಕಾಣಲ್ಲ. ಆನೆ ತಿನ್ನುತ್ತೆ, ಅಷ್ಟೇ. ದಿನದ ಹೆಚ್ಚಿನ ಹೊತ್ತು ತಿನ್ನುವುದರಲ್ಲೇ ಕಳೆಯುವ ಪ್ರಾಣಿ ಅದು, ಸಿನಿಮಾದಲ್ಲಿ ತೋರಿಸುವ ಹಾಗೆ ನಮಗೋಸ್ಕರ ಏನೂ ಮಾಡಲ್ಲ. ಇಂಜಿನ್ ಆಫ್ ಆಗಿ, ಜೀಪಿನೊಳಗಿನ ಪಿಸುಮಾತು ನಿಂತು, ನಮ್ಮ ಕಣ್ಣು ಆ ನಿಧಾನಕ್ಕೆ ಹೊಂದಿಕೊಂಡ ಮೇಲೆ ಒಂದೊಂದೇ ಗೊತ್ತಾಗುತ್ತಾ ಹೋಗುತ್ತದೆ. ಹಿನ್ನೀರಿನ ಹುಲ್ಲು ತುಂಬಾ ಗಿಡ್ಡ, ಸೊಂಡಿಲಿಗೆ ಸರಿಯಾಗಿ ಸಿಗಲ್ಲ. ಅದಕ್ಕೆ ಮುಂಗಾಲಿನ ಉಗುರಿನಿಂದ ಕೆರೆದು ಕೆರೆದು ಹುಲ್ಲನ್ನು ಬೇರು ಸಮೇತ ಬಿಡಿಸುತ್ತದೆ. ಬಿಡಿಸಿದ್ದನ್ನು ಸೊಂಡಿಲಿನಲ್ಲಿ ಗುಡ್ಡೆ ಮಾಡಿ ಎತ್ತುತ್ತದೆ. ಎತ್ತಿದ್ದನ್ನು ಹಾಗೇ ಬಾಯಿಗಿಡಲ್ಲ, ಮಂಡಿಗೆ ಪಟಪಟ ಬಡಿದು ಮಣ್ಣು ಉದುರಿಸುತ್ತದೆ, ಆಮೇಲೆ ಬಾಯಿಗೆ. ಕೆರೆ, ಎತ್ತು, ಬಡಿ, ತಿನ್ನು. ನಮ್ಮ ಅಜ್ಜಿ ಸೊಪ್ಪು ಕೊಡವುತ್ತಿದ್ದದ್ದು ಥೇಟ್ ಹೀಗೇ. ಹಿಂಡಿನಲ್ಲಿದ್ದ ಸಣ್ಣ ಮರಿಗೆ ಇನ್ನೂ ಸೊಂಡಿಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಅದು ಒಂದು ಎಸಳು ಹುಲ್ಲು ಹಿಡಿಯುವುದು, ಬೀಳಿಸುವುದು, ಮತ್ತೆ ಹಿಡಿಯುವುದು, ಕೊನೆಗೆ ಸಿಟ್ಟು ಬಂದು ಮಂಡಿಯೂರಿ ಬಾಯಲ್ಲೇ ಕೀಳಲು ಹೋಗುವುದು. ತಾಯಿಯ ಹೊಟ್ಟೆಯಡಿ ಆರಾಮಾಗಿ ನುಸುಳಿ ಆಚೆ ಬಂದರೆ ಇನ್ನೂ ಒಂದು ವರ್ಷ ಆಗಿಲ್ಲ ಅಂತ ಲೆಕ್ಕ, ಡ್ರೈವರ್ ಹೇಳಿಕೊಟ್ಟಿದ್ದು.

ಅವರಿಂದ ಇನ್ನೂ ಎಷ್ಟೋ ಕಲಿತೆ. ದಂತ ಇಲ್ಲದ್ದೆಲ್ಲ ಹೆಣ್ಣು ಅಂತ ನಾವು ಅಂದುಕೊಳ್ಳುತ್ತೇವೆ, ದಂತವಿಲ್ಲದ ಗಂಡಾನೆಯೂ ಇರುತ್ತದೆ, ಅದಕ್ಕೆ ಮಕ್ನಾ ಅಂತಾರೆ. ಸೊಂಡಿಲು ಶುರುವಾಗುವ ಜಾಗದಲ್ಲಿ ಉಬ್ಬು ದಪ್ಪಗಿದ್ದರೆ ಗಂಡು. ವಯಸ್ಸು ನೋಡುವುದಕ್ಕೆ ಕಿವಿ ನೋಡಬೇಕು. ವಯಸ್ಸಾದಂತೆ ಕಿವಿಯ ಮೇಲಂಚು ಮಡಚಿಕೊಳ್ಳುತ್ತಾ ಬರುತ್ತದೆ, ಕಿವಿ, ಸೊಂಡಿಲಿನ ಮೇಲೆ ಗುಲಾಬಿ ಚುಕ್ಕೆ ಹರಡುತ್ತವೆ. ಹಿಂಡನ್ನು ನಡೆಸುವುದು ವಯಸ್ಸಾದ ಹೆಣ್ಣಾನೆ. ಯಾವ ಹಳ್ಳದಲ್ಲಿ ಎಷ್ಟು ದಿನ ನೀರಿರುತ್ತೆ, ಯಾವ ದಾರಿಯಲ್ಲಿ ಹೊಳೆ ದಾಟಬಹುದು ಅನ್ನುವುದೆಲ್ಲ ಅದರ ತಲೆಯಲ್ಲೇ ಇರುವುದು. ಅದು ನಡೆದರೆ ಎಲ್ಲ ನಡೆಯುತ್ತವೆ, ನಿಂತರೆ ಎಲ್ಲ ನಿಲ್ಲುತ್ತವೆ. ಹೇಗೆ ಹೇಳುತ್ತದೆ ಅನ್ನುವುದು ಮಾತ್ರ ನಮಗೆ ಕೇಳುವುದಿಲ್ಲ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ಕೂತಿದ್ದ ಕೇಟಿ ಪೇನ್ ಅನ್ನುವ, ಪ್ರಾಣಿಗಳ ದನಿ ಅಧ್ಯಯನ ಮಾಡುವವರಿಗೆ ಗಾಳಿಯಲ್ಲಿ ಏನೋ ಅದುರಿದ ಹಾಗೆ ಅನ್ನಿಸಿ, ರೆಕಾರ್ಡ್ ಮಾಡಿ ನೋಡಿದಾಗ, ಆನೆಗಳು ಮನುಷ್ಯರ ಕಿವಿಗೆ ಎಟುಕದಷ್ಟು ತಗ್ಗಿನ ದನಿಯಲ್ಲಿ ಮಾತಾಡಿಕೊಳ್ಳುತ್ತವೆ ಅಂತ ಗೊತ್ತಾಯಿತು. ಅಂದರೆ ನಾವು ಜೀಪಿನಲ್ಲಿ ಕೂತು ಎಷ್ಟು ಪ್ರಶಾಂತ ಅಂತ ಕಣ್ಣರಳಿಸುತ್ತಿರುವಾಗ ಅಲ್ಲಿ ಮಾತುಕತೆ ಜೋರಾಗಿಯೇ ನಡೆದಿರಬಹುದು. ಬಹುಶಃ ನಮ್ಮ ಬಗ್ಗೆಯೇ.

ಸಿಟ್ಟಿನ ಪಾಠವೂ ಆಯಿತು. ಕಿವಿ ಅಗಲಿಸಿ, ತಲೆ ಎತ್ತಿ, ಧೂಳು ಎರಚಿ, ಘೀಳಿಟ್ಟು ನಾಲ್ಕು ಹೆಜ್ಜೆ ಓಡಿ ಬಂದರೆ ಅದು ಹೆದರಿಸುವುದು. ಗಲಾಟೆ ಜಾಸ್ತಿ ಇದ್ದಷ್ಟೂ ನಿಲ್ಲುವ ಸಾಧ್ಯತೆ ಜಾಸ್ತಿ. ಕಿವಿಯನ್ನು ಹಿಂದಕ್ಕೆ ಅಂಟಿಸಿಕೊಂಡು, ಸೊಂಡಿಲು ಒಳಕ್ಕೆ ಸುತ್ತಿಕೊಂಡು, ಸದ್ದಿಲ್ಲದೇ ಬಂದರೆ ಅದು ನಿಜವಾಗಿ ಬರುತ್ತಿರುವುದು. ಎರಡನೆಯದನ್ನು ನಾನು ನೋಡಿಲ್ಲ. ನೋಡಿದವರಲ್ಲಿ ಕೆಲವರು ಹೇಳುವುದಕ್ಕೆ ಉಳಿದಿಲ್ಲ.

ಮದ ಬಂದ ಸಲಗವನ್ನು ಮಾತ್ರ ನೋಡಿದೆ. ತಿರುವು ಕಳೆದು ಬಂದರೆ ದಾರಿ ಮಧ್ಯೆ ನಿಂತಿತ್ತು. ಕಣ್ಣಿಗೂ ಕಿವಿಗೂ ನಡುವೆ ಟಾರು ಸೋರಿದ ಹಾಗೆ ಕಪ್ಪು ಗೆರೆ, ಕೆನ್ನೆ ತನಕ. ಹೆಣ್ಣಾನೆ ಎದುರು ಅಷ್ಟು ಸಮಾಧಾನದಲ್ಲಿದ್ದ ಡ್ರೈವರ್ ಒಂದು ಮಾತೂ ಆಡದೆ ರಿವರ್ಸ್ ಗೇರ್ ಹಾಕಿದರು. ಅದು ನಡೆದುಕೊಂಡು ಬಂತು, ಓಡಲಿಲ್ಲ. ನಾವು ಹಿಂದೆ ಹಿಂದೆ, ಅದು ಮುಂದೆ ಮುಂದೆ. ಲಂಟಾನ ಪೊದೆ ಎರಡೂ ಕಡೆ ಗೋಡೆ ಕಟ್ಟಿದ್ದರಿಂದ ತಿರುಗಿಸುವುದಕ್ಕೂ ಜಾಗವಿಲ್ಲ. ಒಂದು ಕಡೆ ಹಳೇ ಮತ್ತಿ ಮರದ ಹತ್ತಿರ ಅಗಲ ಸಿಕ್ಕಿತು, ಜೀಪನ್ನು ಪಕ್ಕಕ್ಕೆ ಹಾಕಿದರು. ಸಲಗ ನಮ್ಮನ್ನು ದಾಟಿಕೊಂಡು ಹೋಯಿತು, ತಿರುಗಿಯೂ ನೋಡಲಿಲ್ಲ. ಗಾಳಿಯಲ್ಲಿ ಅದರ ವಾಸನೆ ಮಾತ್ರ ತುಂಬಾ ಹೊತ್ತು ಇತ್ತು. ಅದು ನಮ್ಮನ್ನು ಅಟ್ಟಿಸಿಕೊಂಡು ಬಂದದ್ದೇ ಅಲ್ಲ, ಅದರ ಪಾಡಿಗೆ ಅದು ದಾರಿಯಲ್ಲಿ ಹೋಗುತ್ತಿತ್ತು, ನಾವು ಅಡ್ಡ ಇದ್ದೆವು.

ಈ ದಡದಲ್ಲಿ ಆನೆಗಳು ಮನುಷ್ಯರ ಎದುರು ಹೀಗೆ ಸಮಾಧಾನದಲ್ಲಿ ನಿಂತಿರುವುದೇ ಒಂದು ಆಶ್ಚರ್ಯ. ಯಾಕಂದರೆ ಇದು ಕಾಕನಕೋಟೆ. ಮೈಸೂರು ಅರಸರ ಕಾಲದಿಂದ ಕಾಡಾನೆ ಹಿಡಿಯುವ ಖೆಡ್ಡಾ ನಡೆದ ಜಾಗ. ನೂರಾರು ಜನ ತಮಟೆ ಬಡಿದು, ಬೆಂಕಿ ಹಚ್ಚಿ, ಹಿಂಡುಗಳನ್ನು ದಿನಗಟ್ಟಲೆ ಕಾಡಿನೊಳಗಿಂದ ಅಟ್ಟಿಕೊಂಡು ಬಂದು, ಕಪಿಲೆಗೆ ಇಳಿಸಿ, ಆಚೆ ದಡದ ಮರದ ದಿಮ್ಮಿಯ ಕೋಟೆಯೊಳಕ್ಕೆ ನುಗ್ಗಿಸುತ್ತಿದ್ದರು. ನೋಡುವುದಕ್ಕೆ ಗಣ್ಯರಿಗೆ ಗ್ಯಾಲರಿ. ಅದೂ ಒಂದು ಥರದ ಸಫಾರಿಯೇ ಅನ್ನಿ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಅಣೆಕಟ್ಟಿನ ನೀರು ಬಂದು ಆ ಜಾಗವೇ ಮುಳುಗಿತು. ಆನೆ ಅರವತ್ತು ವರ್ಷದ ಮೇಲೂ ಬದುಕುವ ಪ್ರಾಣಿ. ಅಂದರೆ ಈಗ ಹಿನ್ನೀರಿನ ಹುಲ್ಲಿಗೆ ಬರುವ ಮುದಿ ಆನೆಗಳಲ್ಲಿ ಕೆಲವಾದರೂ ಆ ತಮಟೆ ಕೇಳಿದ ಮರಿಗಳಾಗಿರಬಹುದು.

ಎರಡು ಆನೆಗಳ ಕತೆ ನನ್ನ ತಲೆಯಲ್ಲಿ ಯಾವಾಗಲೂ ಜೊತೆಯಲ್ಲೇ ಬರುತ್ತವೆ. ಒಂದು ಅರ್ಜುನ. 1968ರಲ್ಲಿ ಇದೇ ಕಾಕನಕೋಟೆ ಕಾಡಿನಲ್ಲಿ ಖೆಡ್ಡಾಕ್ಕೆ ಬಿದ್ದದ್ದು. ಬಳ್ಳೆಯ ಆನೆ ಶಿಬಿರದಲ್ಲಿ ಬೆಳೆಯಿತು, 2012ರಿಂದ 2019ರ ತನಕ ಎಂಟು ದಸರೆಗಳಲ್ಲಿ 750 ಕೆಜಿಯ ಚಿನ್ನದ ಅಂಬಾರಿ ಹೊತ್ತಿತು. ಅರವತ್ತು ದಾಟಿತು ಅಂತ ಅಂಬಾರಿಯಿಂದ ಬಿಡುವು ಕೊಟ್ಟರು, ಕೆಲಸದಿಂದ ಬಿಡುವು ಸಿಗಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಿನ ಸಲಗದ ಜೊತೆ ಕಾದಾಡಿ ಸತ್ತಿತು. ಅಲ್ಲೇ ಮಣ್ಣು ಮಾಡಿದರು. ಇಡೀ ಮೈಸೂರು ಮನೆಯವರು ಸತ್ತ ಹಾಗೆ ಅತ್ತಿತು, ನಮ್ಮ ಮನೆಯಲ್ಲೂ ಟಿವಿ ಮುಂದೆ ಯಾರೂ ಊಟಕ್ಕೆ ಏಳಲಿಲ್ಲ.

ಇನ್ನೊಂದು ಭೋಗೇಶ್ವರ. ಕಬಿನಿಗೆ ಹೋದವರೆಲ್ಲ ಅದರ ಫೋಟೋ ತೆಗೆದವರೇ. ದಂತ ನೆಲಕ್ಕೆ ತಾಗುವಷ್ಟು ಉದ್ದ, ಒಂದು 2.54 ಮೀಟರ್, ಇನ್ನೊಂದು 2.34. ಅಷ್ಟಿದ್ದೂ ಪರಮ ಸಾಧು ಅಂತ ಹೆಸರು. 2022ರ ಜೂನ್‌ನಲ್ಲಿ ಬಂಡೀಪುರದ ಗುಂಡ್ರೆ ವಲಯದಲ್ಲಿ ವಯಸ್ಸಾಗಿ ಸತ್ತಿತ್ತು. ವಯಸ್ಸು ಸುಮಾರು ಅರವತ್ತು ಅಂದರು. ಈಗ ಲೆಕ್ಕ ಹಾಕಿ. ಅರ್ಜುನನಿಗೂ ಇದಕ್ಕೂ ಹೆಚ್ಚುಕಡಿಮೆ ಒಂದೇ ಪ್ರಾಯ, ಒಂದೇ ಸೀಮೆಯ ಕಾಡು. 1968ರಲ್ಲಿ ಎರಡೂ ಹುಡುಗ ಆನೆಗಳು. ಒಂದು ಆ ದಿಮ್ಮಿ ಕೋಟೆಯೊಳಗೆ ಬಿತ್ತು, ಒಂದು ಬೀಳಲಿಲ್ಲ. ಬಿದ್ದದ್ದಕ್ಕೆ ಹೂವು, ಬಣ್ಣ, ಅಂಬಾರಿ, ಬ್ಯಾಂಡು, ಕೊನೆಗೆ ತನ್ನಂಥದ್ದೇ ಒಂದು ಆನೆಯ ಜೊತೆ ಜಗಳ. ಬೀಳದ್ದಕ್ಕೆ ಹುಲ್ಲು, ನೀರು, ವರ್ಷವರ್ಷವೂ ಇದೇ ದಡ, ಮತ್ತೆ ನಮ್ಮ ಜೀಪುಗಳು. ಯಾವುದು ಒಳ್ಳೆಯ ಬಾಳು ಅಂತ ನನ್ನನ್ನು ಕೇಳಿದರೆ ಯೋಚನೆಯೇ ಬೇಡ, ಭೋಗೇಶ್ವರನದೇ. ಅರ್ಜುನನ ಮೇಲೆ ಪ್ರೀತಿ ಇಟ್ಟುಕೊಂಡೇ ಹೇಳುತ್ತಿದ್ದೇನೆ.

ಇನ್ನು ಚಿಕ್ಕಪ್ಪ. ಅವರ ಹೊಲಕ್ಕೂ ಕಾಡಿಗೂ ನಡುವೆ ಆನೆ ಕಂದಕ ಇದೆ, ಅದರ ಪಕ್ಕ ಸೋಲಾರ್ ತಂತಿ ಇದೆ, ಇನ್ನೂ ಸ್ವಲ್ಪ ಮುಂದೆ ರೈಲು ಕಂಬಿಯ ಬೇಲಿಯೂ ಬಂದಿದೆ. ಮಳೆಗೆ ಕಂದಕದ ಅಂಚು ಕುಸಿಯುತ್ತದೆ. ಕುಸಿಯದಿದ್ದರೆ ಆನೆಯೇ ಕಾಲಲ್ಲಿ ಮಣ್ಣು ತಳ್ಳಿ ಕುಸಿಯುವ ಹಾಗೆ ಮಾಡುತ್ತದೆ. ತಂತಿ ಮೇಲೆ ಒಣ ಮರ ಕೆಡವಿ ದಾಟುತ್ತದೆ. ದಂತಕ್ಕೆ ಶಾಕ್ ಹೊಡೆಯಲ್ಲ ಅಂತ ಕಂಡುಕೊಂಡ ಸಲಗಗಳು ದಂತದಲ್ಲೇ ತಂತಿ ಕಿತ್ತು ಹಾಕುತ್ತವೆ. ಇಷ್ಟೆಲ್ಲ ಬುದ್ಧಿಯನ್ನು ಸಫಾರಿಯಲ್ಲಿ ನೋಡಿದರೆ ಕೈ ತಟ್ಟುತ್ತೇವೆ. ಹೊಲದಲ್ಲಿ ನೋಡಿದರೆ ಎದೆ ಬಡಿದುಕೊಳ್ಳುತ್ತಾರೆ.

ರಾಗಿ ಹಾಲುಗಟ್ಟುವ ಹೊತ್ತಿಗೆ, ಮುಸುಕಿನ ಜೋಳ ತೆನೆ ಬಿಡುವ ಹೊತ್ತಿಗೆ ಅಟ್ಟಣೆಯ ಮೇಲೆ ರಾತ್ರಿಯಿಡೀ ಕಾವಲು. ಒಂದು ರಾತ್ರಿ ನಾನೂ ಹತ್ತಿ ಕೂತಿದ್ದೆ, ಚಿಕ್ಕಮ್ಮನ ಬೈಗುಳ ತಿಂದುಕೊಂಡು. ಅಲ್ಲಿ ಆನೆ ಕಾಣುವುದಿಲ್ಲ, ಕೇಳುತ್ತದೆ. ಅದೂ ಹೆಜ್ಜೆ ಸದ್ದಲ್ಲ. ಅಷ್ಟು ದೊಡ್ಡ ಮೈ, ಅಂಗಾಲು ಮಾತ್ರ ಹತ್ತಿಯ ಹಾಸು, ಹೆಜ್ಜೆ ಸದ್ದೇ ಬರಲ್ಲ. ಕೇಳುವುದು ಜೋಳದ ದಂಟು ಮುರಿಯುವ ಚಟ್ ಚಟ್, ಆಮೇಲೆ ಜಗಿಯುವುದು. ಚಿಕ್ಕಪ್ಪ ಟಾರ್ಚ್ ಹಾಕಲಿಲ್ಲ. ಪಟಾಕಿ ಕೈಯಲ್ಲಿತ್ತು, ಹಚ್ಚಲಿಲ್ಲ. ಸದ್ದು ನಮ್ಮ ಅಟ್ಟಣೆಗೆ ತೀರಾ ಹತ್ತಿರ ಇತ್ತು, ಈಗ ಬೆಚ್ಚಿದರೆ ಯಾವ ಕಡೆ ಓಡುತ್ತದೋ ಹೇಳುವುದಕ್ಕೆ ಆಗಲ್ಲ. ಹೊಲದ ಆ ಮೂಲೆಗೆ ಹೋಗುವ ತನಕ ಕಾದು, ಆಮೇಲೆ ಪಕ್ಕದ ಹೊಲದವರೂ ಸೇರಿ ಡಬ್ಬ ಬಡಿದು, ಕೂಗಿ, ಪಟಾಕಿ ಎಸೆದು ಓಡಿಸಿದರು. ಅಷ್ಟು ಹೊತ್ತಿಗೆ ತಿಂದದ್ದಕ್ಕಿಂತ ತುಳಿದದ್ದು ಜಾಸ್ತಿ ಆಗಿತ್ತು.

ಬೆಳಗ್ಗೆ ಕಾಫಿ ಕುಡಿಯುತ್ತಾ ಜೀಪಿನ ಹತ್ತಿರ ನಿಂತ ಹಿಂಡಿನ ಸುದ್ದಿ ಹೇಳಿದೆ. "ನಿಮ್ ಜೀಪ್ ಕಂಡ್ರೆ ಸುಮ್ಕಿರ್ತದೆ. ನನ್ ಸೈಕಲ್ ಕಂಡ್ರೆ ಅಟ್ಟಿಸ್ಕೊಂಡ್ ಬತ್ತದೆ. ನಾನೇನ್ ಮಾಡಿದ್ದೆ ಅದಕ್ಕೆ?" ಅಂದರು. ಆಮೇಲೆ ಅವರೇ ನಕ್ಕರು, "ಪಟಾಕಿ ಹೊಡೆದಿದ್ದೆ ಅನ್ನು."

ಹೊಲಕ್ಕೆ ಬರುವುದು ಜಾಸ್ತಿ ಗಂಡಾನೆಗಳೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ 1980ರ ದಶಕದಲ್ಲಿ ಚಾಮರಾಜನಗರ, ಸತ್ಯಮಂಗಲ ಸೀಮೆಯಲ್ಲಿ ಮಾಡಿದ ಕೆಲಸದಲ್ಲೇ ಇದನ್ನು ತೋರಿಸಿದ್ದರು. ಮರಿ ಕಟ್ಟಿಕೊಂಡ ಹೆಣ್ಣಾನೆಗಳು ಅಪಾಯಕ್ಕೆ ಕೈ ಹಾಕುವುದು ಕಡಿಮೆ. ಸಲಗಕ್ಕೆ ಮೈ ಬೆಳೆದಷ್ಟೂ ಲಾಭ, ಕಾಡಿನ ಹುಲ್ಲಿನಲ್ಲಿ ದಿನವಿಡೀ ದುಡಿದು ಸಿಗುವ ಸತ್ವ ರಾಗಿ ಹೊಲದಲ್ಲಿ ಕೆಲವೇ ಗಂಟೆಯಲ್ಲಿ ಸಿಗುತ್ತದೆ. ಆ ಲೆಕ್ಕದಲ್ಲಿ ನೋಡಿದರೆ ಜೀಪಿನ ಪಕ್ಕ ನಡೆದು ಹೋದ ಆ ಮದದ ಸಲಗವೇ ಚಿಕ್ಕಪ್ಪನ ಹೊಲಕ್ಕೆ ಬರುವ ಸಲಗವೂ ಆಗಿರಬಹುದು. ಬೆಳಗ್ಗೆ ಒಂದು ಕಡೆ ಫೋಟೋ, ರಾತ್ರಿ ಇನ್ನೊಂದು ಕಡೆ ಪಟಾಕಿ. ಎರಡನ್ನೂ ಅದು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಜೀಪಿನಲ್ಲಿ ಕೂತವರಿಗೆ ಕಾಣದ ಇನ್ನೊಂದು ವಿಷಯವಿದೆ, ನಮ್ಮ ಡ್ರೈವರ್ ಹೇಳದಿದ್ದರೆ ನನಗೂ ಕಾಣುತ್ತಿರಲಿಲ್ಲ. ಒಂದು ಬಯಲಿನಲ್ಲಿ ಹಲಸಿನ ಮರ ತೋರಿಸಿ, "ನಮ್ಮಜ್ಜಿ ಹಾಡಿ ಇಲ್ಲೇ ಇತ್ತು ಮೇಡಂ" ಅಂದರು. ಅವರು ಜೇನುಕುರುಬರು, ಈ ಕಾಡಿನ ಆದಿವಾಸಿಗಳು, ಅವರ ಊರಿಗೆ ಹಾಡಿ ಅಂತಾರೆ. ಖೆಡ್ಡಾ ಕಾಲದಲ್ಲಿ ಹಿಂಡಿನ ಜಾಡು ಹಿಡಿದು ಕೊಡುತ್ತಿದ್ದವರು ಅವರ ಜನ. ಶಿಬಿರದ ಆನೆಗಳ ಮಾವುತರು, ಕಾವಾಡಿಗಳಲ್ಲಿ ಇವತ್ತಿಗೂ ತುಂಬಾ ಜನ ಅವರೇ. ಕಾಡು ಅಭಯಾರಣ್ಯವಾಗಿ, ರಾಷ್ಟ್ರೀಯ ಉದ್ಯಾನವಾಗಿ, ಹುಲಿ ಯೋಜನೆಯಾಗಿ ಬೋರ್ಡು ಬದಲಾಗುತ್ತಾ ಬಂದ ಹಾಗೆ ಎಷ್ಟೋ ಹಾಡಿಗಳು ಹೊರಗೆ ಹೋದವು. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಹತ್ತಿರದ ತಮ್ಮ ಹಳೇ ಜಾಗಕ್ಕೆ ವಾಪಸ್ ಹೋಗಿ ಕೂತಾಗ ಅದು ದೊಡ್ಡ ಸುದ್ದಿಯಾಯಿತು. ನಮ್ಮ ಡ್ರೈವರ್ ಅದರ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೆದಕಲಿಲ್ಲ, ಜೀಪಿನಲ್ಲಿ ಬೇರೆಯವರಿದ್ದರು. ಆದರೆ ಅಜ್ಜಿಯ ಊರಿನೊಳಗೆ ಮೊಮ್ಮಗ ಪ್ರವಾಸಿಗರನ್ನು ಕೂರಿಸಿಕೊಂಡು ಟಿಕೆಟ್ ತೋರಿಸಿ ಒಳಗೆ ಹೋಗಬೇಕು ಅನ್ನುವುದು ನನಗೆ ಈಗಲೂ ಕಸಿವಿಸಿ.

2025ರ ನವೆಂಬರ್‌ನಲ್ಲಿ ಸಫಾರಿಯೇ ನಿಂತಿತು. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಸತ್ತ ಮೇಲೆ ನಾಗರಹೊಳೆ, ಬಂಡೀಪುರ ಎರಡೂ ಕಡೆ ಬಂದ್ ಮಾಡಿ, ಆ ಸಿಬ್ಬಂದಿಯನ್ನು ಹಳ್ಳಿಗಳ ಕಡೆಗೆ ಹಾಕಿ ಅಂತ ಸರ್ಕಾರ ಹೇಳಿತು. ಸಫಾರಿ ಗಾಡಿಗಳ ಓಡಾಟದಿಂದಲೇ ಪ್ರಾಣಿಗಳು ಹೊರಗೆ ಬರುತ್ತಿವೆ ಅಂತ ರೈತರ ವಾದ. ಸಫಾರಿಯನ್ನೇ ನಂಬಿದ ಡ್ರೈವರ್‌ಗಳು, ರೆಸಾರ್ಟ್ ಕೆಲಸದವರು, ಅಂಗಡಿಯವರು ನಮ್ಮ ಹೊಟ್ಟೆಗೇನು ಅಂತ ಕೇಳಿದರು. ಅವರೂ ಅದೇ ಹಳ್ಳಿಗಳವರೇ, ಎಷ್ಟೋ ಮನೆಗಳಲ್ಲಿ ಅಣ್ಣ ಹೊಲ ಕಾಯುತ್ತಾನೆ, ತಮ್ಮ ಜೀಪ್ ಓಡಿಸುತ್ತಾನೆ. ಸಫಾರಿಯಿಂದಲೇ ಪ್ರಾಣಿ ಹೊರಗೆ ಬರುತ್ತವೆ ಅನ್ನುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಹೊರಗೆ ರಾಗಿ ಇದೆ, ದನ ಇದೆ, ಬರುವುದಕ್ಕೆ ಅಷ್ಟು ಸಾಕು. ಆದರೆ ಒಂದು ಕಡೆ ಹೆಣ ಬಿದ್ದಿರುವಾಗ ಇನ್ನೊಂದು ಕಡೆ ಸಾಲಾಗಿ ಜೀಪು ಒಳಗೆ ಹೋಗುತ್ತಿದ್ದರೆ ನೋಡುವವರಿಗೆ ಹೇಗಿರುತ್ತೆ ಅನ್ನುವುದು ಅರ್ಥವಾಗುತ್ತದೆ.

ಚಿಕ್ಕಪ್ಪನನ್ನು ಕೇಳಿದೆ, ಸಫಾರಿ ನಿಂತಿದ್ದು ಸರೀನಾ ಅಂತ. ಅವರಿಗೆ ಆ ಚರ್ಚೆಯಲ್ಲಿ ಆಸಕ್ತಿಯೇ ಇರಲಿಲ್ಲ. "ಇದ್ರೆ ಇರ್ಲಿ ಬುಡು. ಆ ಜೀಪಿನ್ ದುಡ್ನಲ್ಲಿ ನಮ್ ಕಂದಕದ ಹೂಳು ಎತ್ತಿಸ್ಲಿ ಮೊದ್ಲು." ಜೀಪಿನ ಒಂದು ಸೀಟಿಗೆ ನಾನು ಎಷ್ಟು ಕೊಟ್ಟೆ ಅಂತ ಅವರಿಗೆ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ಆ ದುಡ್ಡಿನಲ್ಲಿ ಎಷ್ಟು ಆ ಕಂದಕದ ತನಕ ಹೋಗುತ್ತದೆ ಅನ್ನುವ ಪ್ರಶ್ನೆಯನ್ನು ಸಫಾರಿಗೆ ಹೋಗುವ ನಾವೇ ಕೇಳಬೇಕು. ಚಿಕ್ಕಪ್ಪ ಕೇಳಿ ಕೇಳಿ ಸುಸ್ತಾಗಿದ್ದಾರೆ.

ಇಷ್ಟಾದ ಮೇಲೂ ಆನೆ ನೋಡುವುದಕ್ಕೆ ಹೋಗಬೇಕು ಅನ್ನಿಸಿದರೆ ಹೋಗಿ, ನಾನೂ ಮತ್ತೆ ಹೋಗುವವಳೇ. ಬುಕ್ ಮಾಡುವ ಮೊದಲು ಸಫಾರಿ ನಡೆಯುತ್ತಿದೆಯಾ ಅಂತ ವಿಚಾರಿಸಿಕೊಳ್ಳಿ. ಜೀಪ್ ಹತ್ತಿದ ಕೂಡಲೇ ನಮಗೆ ಹುಲಿ ಬೇಡ, ಆನೆ ಸಿಕ್ಕಿದ ಕಡೆ ಅರ್ಧ ಗಂಟೆ ನಿಲ್ಲಿಸಿ ಅಂತ ಡ್ರೈವರ್‌ಗೆ ಹೇಳಿ. ಮೊದಲು ನಂಬಲ್ಲ, ಎರಡನೇ ಸಲ ಹೇಳಿದರೆ ಅವರ ಮುಖವೇ ಸಡಿಲವಾಗುತ್ತದೆ. ಜೊತೆಯಲ್ಲಿರುವವರು ಒಪ್ಪಬೇಕು, ಅದೇ ಕಷ್ಟ, ಆದ್ದರಿಂದ ಒಪ್ಪುವವರನ್ನೇ ಕಟ್ಟಿಕೊಂಡು ಹೋಗಿ. ಡಿಸೆಂಬರ್‌ನಲ್ಲಿ ಹಿನ್ನೀರು ತುಂಬಿರುತ್ತೆ, ಹಿಂಡುಗಳು ಕಾಡೊಳಗೆ ಚದುರಿರುತ್ತವೆ, ಚಳಿ ಚೆನ್ನಾಗಿರುತ್ತೆ ಅಷ್ಟೇ. ಬಿಸಿಲು ತಡೆಯುವುದಾದರೆ ಏಪ್ರಿಲ್‌ನಲ್ಲಿ ಹೋಗಿ, ಮಧ್ಯಾಹ್ನದ ಸಫಾರಿಗೇ ಬರೆಸಿ. ಬಿಸಿಲು ಇಳಿದ ಮೇಲೆ ಹಿಂಡುಗಳು ದಡಕ್ಕೆ ಬರುವುದು ಜಾಸ್ತಿ.